ಘಾಟಿ ಇಳಿಯುವ ಪಿಕಪ್ಪಿನ ಬ್ರೇಕು: ಕೇಳುವವರು ಯಾರು?

ಬೆಳಗಿನ ಜಾವ ಚಿಕ್ಕಮಗಳೂರಿನ ಮಂಡಿಗಳ ಮುಂದೆ ಪಿಕಪ್ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಕೋಸು, ಬೀನ್ಸು, ಟೊಮೇಟೊ, ಹಸಿ ಶುಂಠಿ ಹೇರಿಕೊಂಡು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ ಓಟ. ಮಾರ್ಕೆಟ್ಟು ತೆರೆಯುವ ಹೊತ್ತಿಗೆ ಮುಟ್ಟದಿದ್ದರೆ ಮಾಲಿಗೆ ಬೆಲೆ ಇಲ್ಲ, ಡ್ರೈವರಿಗೆ ಮರ್ಯಾದೆ ಇಲ್ಲ. ವಾಪಸು ಬರುವಾಗ ಮೀನೋ, ತೆಂಗಿನಕಾಯೋ, ಹೆಂಚೋ ಏನು ಸಿಕ್ಕರೆ ಅದು. ಟಾಟಾ ಏಸ್ 2005ರಲ್ಲಿ ರಸ್ತೆಗಿಳಿದ ಮೇಲೆ ದೇಶದ ತುಂಬ ಸಣ್ಣ ಸರಕು ಗಾಡಿಗಳ ಕಾಲ ಶುರುವಾಯಿತು. ಲಾರಿ ಬರುವವರೆಗೆ ಕಾಯುತ್ತಿದ್ದ ಅಂಗಡಿಯವರು ಈಗ ಫೋನು ತಿರುಗಿಸಿದರೆ ಅರ್ಧ ಗಂಟೆಯಲ್ಲಿ ಬಾಗಿಲ ಮುಂದೆ ಪಿಕಪ್ಪು. ಒಳ್ಳೆಯದೇ ಆಯಿತು. ಆದರೆ ಈ ಗಾಡಿ ಕಟ್ಟಿಕೊಂಡವರ ಬಾಯಲ್ಲಿ ಒಂದೇ ಗೋಳು: ಬ್ರೇಕ್ ಪ್ಯಾಡ್ ನಿಲ್ಲುತ್ತಿಲ್ಲ ಸ್ವಾಮೀ!

ಹತ್ತು ಸಾವಿರ ಕಿಲೋಮೀಟರಿಗೇ ಹೊಸ ಪ್ಯಾಡು ಕೇಳುತ್ತದೆ ಎನ್ನುವವರಿದ್ದಾರೆ. ಅಷ್ಟೂ ಬರಲಿಲ್ಲ ಎನ್ನುವವರೂ ಇದ್ದಾರೆ. ಹಾಕಿಸಿದ ತಿಂಗಳಿಗೇ ಕೀರಲು ಸದ್ದು, ಪೆಡಲು ಒತ್ತಿದರೆ ಸ್ಟೇರಿಂಗು ನಡುಗುತ್ತದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ ಎಂದು ದೂರಿನ ಪಟ್ಟಿ ಬೆಳೆಯುತ್ತದೆ. ಶೋರೂಮಿಗೆ ಹೋದರೆ, ಇದು ಸವೆಯುವ ಸಾಮಾನು, ವಾರಂಟಿ ಇಲ್ಲ, ನೀವು ಲೋಡು ಜಾಸ್ತಿ ಹಾಕ್ತೀರಿ ಎಂಬ ಸಿದ್ಧ ಉತ್ತರ. ಗ್ಯಾರೇಜಿಗೆ ಹೋದರೆ, ಕಂಪನಿ ಪ್ಯಾಡೇ ಸರಿ ಇಲ್ಲ, ಬೇರೆ ಹಾಕ್ತೀನಿ ಬಿಡಿ ಎಂಬ ಸಮಾಧಾನ. ಮಾಲೀಕ ಡ್ರೈವರನ್ನು ಬಯ್ಯುತ್ತಾನೆ. ಡ್ರೈವರು ರಸ್ತೆಯನ್ನು ಬಯ್ಯುತ್ತಾನೆ. ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೊನೆಗೆ ಆಗುವುದಿಷ್ಟೆ: ಅರ್ಧ ಸವೆದ ಪ್ಯಾಡಿನಲ್ಲೇ ಗಾಡಿ ಮತ್ತೆ ಘಾಟಿ ಇಳಿಯುತ್ತದೆ.

ಇದು ಗಾಡಿ ಮಾಲೀಕರ ಖಾಸಗಿ ತಾಪತ್ರಯ, ಊರಿಗೇನು ಎಂದು ಕೇಳುವವರು ಒಮ್ಮೆ ಚಾರ್ಮಾಡಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನೋಡಬೇಕು. ತಿರುವಿನಲ್ಲಿ ಬಸ್ಸು ನಿಧಾನ ಮಾಡಿದ ಕೂಡಲೇ ಹಿಂದಿನ ಗಾಜಿನ ಹತ್ತಿರಕ್ಕೇ ಬಂದು ನಿಲ್ಲುವುದು ಇದೇ ಪಿಕಪ್ಪಿನ ಮೂತಿ. ಅದರ ಬ್ರೇಕಿನ ದಪ್ಪ ಎಷ್ಟು ಉಳಿದಿದೆ ಎಂಬುದು ಬಸ್ಸಿನಲ್ಲಿ ಕೂತ ಐವತ್ತು ಜನರ ಪ್ರಾಣದ ಪ್ರಶ್ನೆ. ಅದನ್ನು ಅಳೆದು ನೋಡಿದವರು ಯಾರೂ ಇಲ್ಲ.

ಪ್ಯಾಡು ತಿನ್ನುವವರು ಯಾರು?

ಸಾಮಾನ್ಯವಾಗಿ ಪಿಕಪ್ಪಿನ ಮುಂದಿನ ಎರಡು ಚಕ್ರಕ್ಕೆ ಡಿಸ್ಕು, ಹಿಂದಿನ ಎರಡಕ್ಕೆ ಡ್ರಮ್ಮು. ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವುದು ಪ್ಯಾಡು. ಡ್ರಮ್ಮಿನೊಳಗೆ ಆ ಕೆಲಸ ಮಾಡುವುದು ಲೈನರು. ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸುಮಾರು 10ರಿಂದ 12 ಮಿಲಿಮೀಟರು ದಪ್ಪ ಇರುತ್ತದೆ. 3 ಮಿಲಿಮೀಟರಿಗೆ ಬಂದರೆ ಬದಲಾಯಿಸಲೇಬೇಕು. ಅಲ್ಲಿಂದಾಚೆ ಉಳಿಯುವುದು ಬರೀ ತಗಡು. ತಗಡು ಡಿಸ್ಕಿಗೆ ಉಜ್ಜಿದರೆ ಡಿಸ್ಕೂ ಹೋಯಿತು, ಸಾವಿರದ ಖರ್ಚು ಹಲವು ಸಾವಿರವಾಯಿತು. ಕೆಲವು ಪ್ಯಾಡುಗಳಲ್ಲಿ ಸವೆತ ಮಿತಿಗೆ ಬಂದಾಗ ಕೀರಲು ಸದ್ದು ಮಾಡಲೆಂದೇ ಒಂದು ಸಣ್ಣ ತಗಡಿನ ನಾಲಗೆ ಇಟ್ಟಿರುತ್ತಾರೆ. ಆ ಸದ್ದು ಕೇಳಿ ಗಾಡಿ ನಿಲ್ಲಿಸುವವರು ಕಮ್ಮಿ. ಹಾಡಿನ ಸದ್ದು ಏರಿಸುವವರೇ ಜಾಸ್ತಿ.

ಇನ್ನು ಘಾಟಿಯ ಲೆಕ್ಕ. ಗಾಡಿ, ಮಾಲು ಎರಡೂ ಸೇರಿ 3200 ಕಿಲೋ ತೂಗುವ ಪಿಕಪ್ಪು 500 ಮೀಟರು ಎತ್ತರದಿಂದ ಕೆಳಗಿಳಿಯಿತು ಎನ್ನಿ. ಇಳಿಯುವ ಪೂರ್ತಿ ಶಕ್ತಿ ಬ್ರೇಕಿಗೇ ಬಿದ್ದರೆ ಅಲ್ಲಿ ಹುಟ್ಟುವ ಬಿಸಿಯಿಂದ 50 ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಸ್ನಾನದ ಮನೆಯ ದೊಡ್ಡ ಹಂಡೆಯ ತುಂಬ ನೀರು! ಇದಕ್ಕೆ ಇನ್ನೊಂದು ಟನ್ನು ಜಾಸ್ತಿ ಹೇರಿದರೆ 65 ಲೀಟರು. ಸೌದೆ ಉರಿಸಿ ಇಷ್ಟು ನೀರು ಕಾಯಿಸಲು ಎಷ್ಟು ಹೊತ್ತು ಬೇಕು ಎಂಬುದು ಮಲೆನಾಡಿನ ಮನೆಮನೆಗೂ ಗೊತ್ತು. ಅಷ್ಟು ಬಿಸಿಯನ್ನು ಅಂಗೈ ಅಗಲದ ನಾಲ್ಕು ಪ್ಯಾಡು, ಎರಡು ಜೊತೆ ಲೈನರು ಕೆಲವೇ ನಿಮಿಷದಲ್ಲಿ ತಾಳಿಕೊಳ್ಳಬೇಕು. ಬ್ರೇಕು ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಪಾಲು ಮುಂದಿನ ಪ್ಯಾಡುಗಳದ್ದೇ. ಎಂಜಿನ್ನಿಗೆ ಇದರಲ್ಲಿ ಪಾಲು ಕೊಟ್ಟರೆ ಬ್ರೇಕು ಬದುಕುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಎಂದು ಹಳೇ ಲಾರಿ ಡ್ರೈವರುಗಳು ಕ್ಲೀನರ್ ಹುಡುಗರಿಗೆ ಹೇಳಿಕೊಡುತ್ತಿದ್ದುದು ಇದನ್ನೇ. ಈಗ ಡೀಸೆಲು ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಿ ಬಿಡುವ ಚಾಳಿ ಬೆಳೆದಿದೆ. ಎಂಜಿನ್ನನ್ನೇ ಆಫ್ ಮಾಡುವ ಮಹಾಶಯರೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರು ಎರಡು ಮೂರು ಒತ್ತಿಗೆ ಖಾಲಿ. ಆಮೇಲೆ ಪೆಡಲು ಕಲ್ಲಿನ ಹಾಗೆ. ಉಳಿಯುವ ಡೀಸೆಲು ಎಷ್ಟು? ಕೊಟ್ಟಿಗೆಹಾರದಲ್ಲಿ ಒಂದು ಪ್ಲೇಟು ನೀರುದೋಸೆಗೆ ಸಾಕಾಗುವಷ್ಟು ಉಳಿದರೆ ಹೆಚ್ಚು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಗಾಡಿ ಕೊಂಡ ವಾರದೊಳಗೇ ಹಿಂದಿನ ಕಮಾನಿಗೆ ಒಂದೋ ಎರಡೋ ಪಟ್ಟಿ ಜಾಸ್ತಿ ಹಾಕಿಸುವುದು ಈ ಕಡೆ ಪೂಜೆ ಮಾಡಿಸುವಷ್ಟೇ ಮಾಮೂಲು. ಲೋಡು ಹೇರಿದರೆ ಹಿಂಭಾಗ ಕೂರಬಾರದು, ಅಷ್ಟೇ ಅವರ ಉದ್ದೇಶ. ಆದರೆ ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿನ ಹತ್ತಿರ ಒಂದು ಸಣ್ಣ ವಾಲ್ವು ಇರುತ್ತದೆ. ಹಿಂಭಾಗ ಎಷ್ಟು ಕೂತಿದೆ ಎಂದು ನೋಡಿಕೊಂಡು ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕು ಕಳಿಸಬೇಕೆಂದು ತೀರ್ಮಾನ ಮಾಡುವುದು ಅದರ ಕೆಲಸ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಜಾಮಾಗಿ ಜಾರದಿರಲಿ ಎಂದು ಬ್ರೇಕನ್ನು ಕಡಿಮೆ ಮಾಡುತ್ತದೆ. ಪಟ್ಟಿ ಜಾಸ್ತಿ ಹಾಕಿದ ಗಾಡಿ ಎಷ್ಟು ಹೇರಿದರೂ ಸರಿಯಾಗಿ ಕೂರುವುದಿಲ್ಲ. ವಾಲ್ವಿಗೆ ಅದು ಅರ್ಧ ಖಾಲಿ ಗಾಡಿ! ಎರಡು ಟನ್ನು ಆಲೂಗಡ್ಡೆ ಹೊತ್ತ ಗಾಡಿಯ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ, ಉಳಿದ ಭಾರವೆಲ್ಲ ಮುಂದಿನ ಪ್ಯಾಡಿನ ತಲೆ ಮೇಲೆ. ಹೀಗಿರುವಾಗ ಮುಂದಿನ ಪ್ಯಾಡು ಬೇಗ ಸವೆಯದೆ ಇನ್ನೇನಾಗಬೇಕು? ಪಟ್ಟಿ ಹಾಕುವ ಕಮಾನ್ ಅಂಗಡಿಯವರಲ್ಲಿ ಆ ವಾಲ್ವಿನ ಕಡ್ಡಿಯನ್ನು ಮತ್ತೆ ಹೊಂದಿಸಿ ಕೊಡುವವರು ಎಷ್ಟು ಜನ? ಮಾಲೀಕರಲ್ಲಿ ಅದನ್ನು ಕೇಳುವವರು ಎಷ್ಟು ಜನ?

ಮಿಕ್ಕದ್ದು ಮಲೆನಾಡಿನ ಕೆಸರು, ಮಳೆ. ತೋಟದ ದಾರಿಯ ಕೆಸರು ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೀನಿನ ಗಾಡಿಯಿಂದ ಸೋರುವ ಉಪ್ಪುನೀರು ಬ್ರೇಕಿನ ಪೈಪು, ಪಿನ್ನುಗಳಿಗೆ ತುಕ್ಕು ಹಿಡಿಸುತ್ತದೆ. ಪಿನ್ನು ಜಾಮಾದರೆ ಒಂದು ಪಕ್ಕದ ಪ್ಯಾಡು ಡಿಸ್ಕನ್ನು ಬಿಡುವುದೇ ಇಲ್ಲ, ದಾರಿಯುದ್ದಕ್ಕೂ ಉಜ್ಜಿಕೊಂಡೇ ಹೋಗುತ್ತದೆ. ಬ್ರೇಕ್ ಆಯಿಲ್ಲಂತೂ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ಲು ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನ ಬಿಸಿಗೆ ಅದು ಕುದಿದು ಪೈಪಿನಲ್ಲಿ ಗುಳ್ಳೆ ಎದ್ದರೆ ಪೆಡಲು ಬೆಣ್ಣೆಯ ಹಾಗೆ ಕೆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಪ್ಯಾಡು ಹೊಸದಿದ್ದರೂ ನಿಲ್ಲುವುದಿಲ್ಲ! ಎರಡು ವರ್ಷಕ್ಕೊಮ್ಮೆ ಆಯಿಲ್ಲು ಬದಲಿಸಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಮ್ಮಿಯಾದಾಗ ಮೇಲಿಂದ ತುಂಬಿಸುವುದೇ ಇಲ್ಲಿಯ ಪದ್ಧತಿ.

ಶೋರೂಮಿನವರ ಮಾತೂ ಪೂರ್ತಿ ಸರಿಯಲ್ಲ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ತಪ್ಪೆಲ್ಲ ಮಾಲೀಕರದ್ದೇ ಎಂದು ಕೈತೊಳೆದುಕೊಳ್ಳುವಂತಿಲ್ಲ. ಪ್ಯಾಡು ಸವೆಯುವ ಸಾಮಾನು, ನಿಜ. ಆದರೆ ಒಂದೇ ಗಾಡಿಯ ಎಡಗಡೆ ಪ್ಯಾಡು ಎಂಟು ಮಿಲಿಮೀಟರು ಉಳಿದು ಬಲಗಡೆಯದು ಎರಡಕ್ಕೆ ಬಂದಿದ್ದರೆ ಅದು ಸವೆತ ಅಲ್ಲ, ದೋಷ. ಒಳಗಿನ ಪ್ಯಾಡು ತಗಡಿಗೆ ಬಂದು ಹೊರಗಿನದು ಹೊಸದರಂತಿದ್ದರೂ ಅಷ್ಟೆ. ಉಜ್ಜುವ ಭಾಗ ತಗಡಿನಿಂದ ಕಿತ್ತು ಬಂದರೆ ಅದೂ ದೋಷವೇ. ಇದನ್ನು ಬೇರ್ಪಡಿಸಿ ಹೇಳಬೇಕಾದವರು ಸರ್ವೀಸು ಮಾಡುವವರು. ಅವರ ಬಿಲ್ಲಿನಲ್ಲಿ ‘ಬ್ರೇಕ್ ಚೆಕ್ ಮಾಡಿದೆ’ ಎಂದಷ್ಟೇ ಇದ್ದರೆ ಸಾಲದು. ನಾಲ್ಕು ಪ್ಯಾಡಿನ ದಪ್ಪ ಎಷ್ಟೆಷ್ಟು ಮಿಲಿಮೀಟರು ಎಂದು ಪ್ರತಿ ಸರ್ವೀಸಿನಲ್ಲೂ ಬರೆದು ಕೊಡಲು ಏನು ಕಷ್ಟ? ಚಕ್ರ ಬಿಚ್ಚಿದಾಗ ಒಂದು ಗೇಜು ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ. ಬರೆದು ಕೊಟ್ಟರೆ ಮುಂದೆ ಉತ್ತರ ಹೇಳಬೇಕಾಗುತ್ತದಲ್ಲ, ಕಷ್ಟ ಇರುವುದು ಅಲ್ಲಿಯೇ.

ಮಾಲೀಕರೂ ಅಷ್ಟೆ, ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಕೂತು ಗೋಳು ಹೇಳಿಕೊಂಡರೆ ಅದು ಟೀ ಜೊತೆಗೆ ಮುಗಿದುಹೋಗುತ್ತದೆ. ಬಿಲ್ಲಿಲ್ಲದೆ ಪ್ಯಾಡು ಕೊಳ್ಳುವವನ ದೂರಿಗೆ ಕಾಲಿಲ್ಲ. ಡಬ್ಬದ ಮೇಲೆ ಹೆಸರಾಂತ ಕಂಪನಿಯ ಹೆಸರು, ಒಳಗೆ ಯಾರದೋ ಮಾಲು ಎಂಬಂಥ ನಕಲಿ ಪ್ಯಾಡು ಅರ್ಧ ಬೆಲೆಗೆ ಸಿಗುತ್ತದೆ, ಬಿಲ್ಲು ಮಾತ್ರ ಸಿಗುವುದಿಲ್ಲ. ಬಿಲ್ಲು, ತಾರೀಖು, ಮೀಟರಿನ ಅಂಕಿ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡವನ ಕೈಯಲ್ಲಿ ಕಾನೂನೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಕೊಂಡು ಓಡಿಸುವವನೂ ಗ್ರಾಹಕನೇ. ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು; ಸರಕಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿವರೆಗೆ ಇದ್ದರೆ ಫೀಸಿಲ್ಲ. ಆದರೆ ಹತ್ತು ಗಾಡಿ ಇಟ್ಟುಕೊಂಡು ಬಾಡಿಗೆಗೆ ಬಿಡುವ ಧಣಿಗಳಿಗೆ ಈ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

ಇದರ ಮೇಲೆ ಇನ್ನೊಂದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಎಂಬ ಕಲಂ ಸೇರಿತು. ಜೀವಕ್ಕೆ ಅಪಾಯ ತರುವ ದೋಷ ಇದೆ ಎಂದು ಒಂದೇ ಮಾದರಿಯ ಗಾಡಿಯ ಬಗ್ಗೆ ನಿಗದಿಯಾದಷ್ಟು ಮಾಲೀಕರು ದೂರಿದರೆ, ಅಂಥ ಗಾಡಿಗಳನ್ನೆಲ್ಲ ವಾಪಸು ಕರೆಸಿ ಸರಿಮಾಡಿಕೊಡು ಎಂದು ಕೇಂದ್ರ ಸರ್ಕಾರ ಕಂಪನಿಗೆ ಆಜ್ಞೆ ಮಾಡಬಹುದು. ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಇಲ್ಲಿ ಬೇಕಾಗಿರುವುದು ದೂರಿನ ಸಂಖ್ಯೆ. ಮೂಡಿಗೆರೆಯಲ್ಲಿ ನಾಲ್ಕು ಜನ, ಕೊಪ್ಪದಲ್ಲಿ ಆರು ಜನ, ಸಕಲೇಶಪುರದಲ್ಲಿ ಹತ್ತು ಜನ ಬೇರೆಬೇರೆ ಗ್ಯಾರೇಜಿನಲ್ಲಿ ಗೊಣಗಿದರೆ ದಿಲ್ಲಿಗೆ ಅದು ಸೊನ್ನೆ. ಪಿಕಪ್ ಸ್ಟ್ಯಾಂಡಿನಲ್ಲಿ ಆಯುಧಪೂಜೆಗೆ ಚಂದಾ ಎತ್ತುವ ಒಗ್ಗಟ್ಟು ಇದಕ್ಕೂ ಬರಲಿ.

ಎಫ್.ಸಿ. ಎಂಬ ಚೀಟಿ

ಹಾಗಾದರೆ ಸರ್ಕಾರದ ತಪಾಸಣೆ ಇಲ್ಲವೇ? ಇದೆ. 2018ರ ನವೆಂಬರಿನಲ್ಲಿ ಆದ ತಿದ್ದುಪಡಿಯ ಪ್ರಕಾರ ಎಂಟು ವರ್ಷದವರೆಗಿನ ಸರಕು ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ದಿನಕ್ಕೆ ನೂರು ಕಿಲೋಮೀಟರಿನಂತೆ ವರ್ಷಕ್ಕೆ ಮುನ್ನೂರು ದಿನ ಓಡಿದರೂ ಎರಡು ಎಫ್.ಸಿ.ಗಳ ನಡುವೆ ಅರವತ್ತು ಸಾವಿರ ಕಿಲೋಮೀಟರು. ಘಾಟಿ ಓಟದ ಗಾಡಿ ಅಷ್ಟರಲ್ಲಿ ಎಷ್ಟು ಜೊತೆ ಪ್ಯಾಡು ತಿಂದಿರುತ್ತದೋ ಅದರ ಮಾಲೀಕನಿಗೇ ನೆನಪಿರುವುದಿಲ್ಲ. ಎಫ್.ಸಿ.ಗೆ ಬರುವ ದಿನ ಗಾಡಿ ತೊಳೆದು, ಬಣ್ಣ ಬಳಿದು, ಹೊಸ ಪ್ಯಾಡು ಹಾಕಿಸಿಕೊಂಡು, ಮದುಮಗನಂತೆ, ಖಾಲಿಯಾಗಿ ಬಂದು ನಿಲ್ಲುತ್ತದೆ. ಖಾಲಿ ಗಾಡಿಯ ಬ್ರೇಕು ಸಮತಟ್ಟು ನೆಲದಲ್ಲಿ ಹಿಡಿಯಿತು ಎಂಬ ಚೀಟಿ, ತುಂಬಿದ ಗಾಡಿ ಮಳೆಯಲ್ಲಿ ಇಳಿಜಾರಿಗೆ ನಿಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯೇ?

ಸಾರಿಗೆ ಸಂಸ್ಥೆಯ ಬಸ್ಸಿನ ಬಗ್ಗೆ ಜನ ನೂರು ದೂರಲಿ. ಸೀಟು ಹರಿದಿದೆ, ಕಿಟಕಿ ಬಡಿಯುತ್ತೆ, ಹೊತ್ತಿಗೆ ಬರಲ್ಲ, ಎಲ್ಲ ಸರಿ. ಆದರೆ ಅದು ಓಟ ಮುಗಿಸಿ ಡಿಪೋ ಸೇರುತ್ತದೆ. ಬ್ರೇಕು ಸರಿಯಿಲ್ಲ ಎಂದು ಡ್ರೈವರು ಬರೆದುಕೊಟ್ಟರೆ ನೋಡಲು ಅಲ್ಲೊಬ್ಬ ಮೆಕ್ಯಾನಿಕ್ಕು ಇರುತ್ತಾನೆ. ಒಂಟಿ ಮಾಲೀಕನ ಪಿಕಪ್ಪಿಗೆ ಡಿಪೋ ಎಂದರೆ ಮನೆ ಮುಂದಿನ ರಸ್ತೆ. ರಾತ್ರಿ ಹನ್ನೊಂದಕ್ಕೆ ನಿಲ್ಲಿಸಿ ಮೂರಕ್ಕೆ ಎಬ್ಬಿಸುತ್ತಾರೆ. ಕಂತು ಕಟ್ಟುವ ತಾರೀಖು ನೆನಪಿರುತ್ತದೆ, ಪ್ಯಾಡು ನೋಡಿದ ತಾರೀಖು ನೆನಪಿರುವುದಿಲ್ಲ.

‘ಇನ್ನೆರಡು ಮೂಟೆ ಹಾಕಯ್ಯ’

ಈಗ ವರ್ತಕ ಬಂಧುಗಳ ಸರದಿ. ಓದುವವರಿಗೆ ಇದು ರುಚಿಸದಿರಬಹುದು. ಒಂದೂವರೆ ಟನ್ನಿನ ಗಾಡಿಗೆ ಐವತ್ತು ಕಿಲೋ ಮೂಟೆ ಮೂವತ್ತು. ಮಂಡಿಯ ಮುಂದೆ ಹೇರುವುದು ಎಷ್ಟು? ನಲವತ್ತು ಆದ ಮೇಲೂ ‘ಇನ್ನೆರಡು ಮೂಟೆ ಹಾಕಯ್ಯ, ಏನಾಗಲ್ಲ’ ಎನ್ನುವ ದನಿ ಗಲ್ಲಾ ಪೆಟ್ಟಿಗೆಯ ಹಿಂದಿನಿಂದಲೇ ಬರುತ್ತದೆ. ಬಾಡಿಗೆ ಟ್ರಿಪ್ಪಿಗೆ ಇಷ್ಟು ಎಂದು ಮಾತಾಗಿರುತ್ತದೆ. ಆದ್ದರಿಂದ ಜಾಸ್ತಿ ಹೇರಿದಷ್ಟೂ ಅಂಗಡಿಯವರಿಗೆ ಲಾಭ, ಸವೆಯುವುದು ಇನ್ನೊಬ್ಬರ ಗಾಡಿ. ಬೇಡ ಎಂದ ಡ್ರೈವರಿಗೆ ನಾಳೆಯಿಂದ ಬಾಡಿಗೆ ಇಲ್ಲ. ಹೂಂ ಎನ್ನುವವನು ಪಕ್ಕದಲ್ಲೇ ಗಾಡಿ ತಂದು ನಿಲ್ಲಿಸಿಕೊಂಡಿರುತ್ತಾನೆ. ಬಾಡಿಗೆಯ ಪೈಪೋಟಿಯಲ್ಲಿ ಅವನೂ ತನ್ನ ಬ್ರೇಕನ್ನೇ ಮಾರಿಕೊಳ್ಳುತ್ತಿದ್ದಾನೆ.

ಹಿಡಿದರೆ ಡ್ರೈವರಿಗೆ ದಂಡ, ನಮಗೇನು ಎಂದುಕೊಂಡವರು ಕಾಯ್ದೆಯ 194ನೇ ಕಲಂ ಓದಿಸಿ ಕೇಳಬೇಕು. ಮಿತಿ ಮೀರಿ ಹೇರಿದರೆ ಇಪ್ಪತ್ತು ಸಾವಿರ ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ. ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ. ದಂಡ ಓಡಿಸಿದವನಿಗೆ ಮಾತ್ರ ಎಂದು ಅಲ್ಲಿಲ್ಲ, ಓಡಿಸಲು ಕಾರಣನಾದವನಿಗೂ ಎಂದಿದೆ. ಇಲ್ಲಿಯವರೆಗೆ ಆ ಎರಡನೇ ಮಾತನ್ನು ಮಂಡಿಯ ಬಾಗಿಲಿಗೆ ಯಾರೂ ತಂದಿಲ್ಲ ಎಂಬುದು ವರ್ತಕರ ಅದೃಷ್ಟ ಅಷ್ಟೆ. ಮೂವತ್ತು ಮೂಟೆಗೆ ಒಂದು ಟ್ರಿಪ್ಪು, ಉಳಿದದ್ದಕ್ಕೆ ಇನ್ನೊಂದು. ಕಿಲೋಗೆ ಕೆಲವು ಪೈಸೆ ಜಾಸ್ತಿ ಬೀಳುತ್ತದೆ. ಬೀಳಲಿ. ಗಾಡಿ ಪ್ರಪಾತಕ್ಕೆ ಬಿದ್ದರೆ ಮಾಲೂ ಹೋಗುತ್ತದೆ, ಮನೆ ನಡೆಸುವ ಒಂದು ಜೀವವೂ ಹೋಗುತ್ತದೆ.

ಡ್ರೈವರುಗಳಿಗೂ ಒಂದು ಮಾತು. ಘಾಟಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಕೈಮುಗಿಯುವುದು ಒಳ್ಳೆಯ ರೂಢಿ. ಬ್ರೇಕು ಆರಲು ಅಷ್ಟು ಹೊತ್ತು ಸಿಗುತ್ತದೆ. ಇನ್ನೊಂದು ಐದು ನಿಮಿಷ ನಿಂತರೆ ಸ್ವಾಮಿಯೇನೂ ಬೇಸರಪಡುವುದಿಲ್ಲ. ಆದರೆ ಕಾದ ಡಿಸ್ಕಿಗೆ ಬಾಟಲಿಯಿಂದ ತಣ್ಣೀರು ಸುರಿಯುವುದನ್ನು ಮೊದಲು ಬಿಡಬೇಕು. ಹಾಗೆ ಸುರಿದರೆ ಡಿಸ್ಕು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಮುಂದೆ ಸ್ಟೇರಿಂಗು ನಡುಗುತ್ತೆ, ಪ್ಯಾಡು ಸರಿಯಿಲ್ಲ ಎಂದು ದೂರುವವರಲ್ಲಿ ಅರ್ಧ ಜನ ಈ ಸ್ನಾನ ಮಾಡಿಸಿದವರೇ ಇರಬೇಕು.

ಚಾರ್ಮಾಡಿಯ ಮೈ ಎಷ್ಟು ಸೂಕ್ಷ್ಮ ಎಂಬುದು 2019ರ ಆಗಸ್ಟಿನ ಭೂಕುಸಿತದಲ್ಲಿ ಎಲ್ಲರಿಗೂ ಗೊತ್ತಾಗಿದೆ. ಆಗ ರಸ್ತೆ ಮುಚ್ಚಿ, ಭಾರಿ ವಾಹನ ನಿಲ್ಲಿಸಿ, ಸಣ್ಣ ಗಾಡಿಗಳನ್ನು ಮಾತ್ರ ಬಿಟ್ಟ ದಿನಗಳಲ್ಲಿ ಲಾರಿಯ ಮಾಲೆಲ್ಲ ಪಿಕಪ್ಪಿನ ಬೆನ್ನಿಗೆ ಬಿತ್ತು. ಅಲ್ಲಿ ಗಾಡಿಯ ಗಾತ್ರ ನೋಡಿದರೇ ಹೊರತು ತೂಕ ನೋಡಿದವರಿಲ್ಲ. ಶಿರಾಡಿ ಬಂದಾದಾಗಲೂ ಭಾರ ಬೀಳುವುದು ಈ ದಾರಿಗೇ. ಎ.ಪಿ.ಎಂ.ಸಿ. ಯಾರ್ಡಿನಿಂದ ಹೊರಡುವ ಪಿಕಪ್ಪಿಗೆ ತೂಕದ ಚೀಟಿ ಕಡ್ಡಾಯ ಮಾಡುವುದು ವರ್ತಕರ ಸಂಘ ಒಂದು ಸಭೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಪ್ಯಾಡು ನೋಡಲಿಕ್ಕೂ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಅನೇಕ ಗಾಡಿಗಳಲ್ಲಿ ಚಕ್ರದ ಕಿಂಡಿಯಿಂದ ಟಾರ್ಚು ಬಿಟ್ಟರೆ ಕಾಣುತ್ತದೆ, ಕಾಣದಿದ್ದರೆ ಜಾಕು ಕೊಟ್ಟು ಒಂದು ಚಕ್ರ ಬಿಚ್ಚಬೇಕು. ಮಳೆಗಾಲ ಹಿಡಿಯುವ ಮುಂಚೆ ಆರ್.ಟಿ.ಓ. ಕಚೇರಿಯಿಂದ ವಾರಕ್ಕೊಂದು ಬೆಳಗಿನ ಜಾವ ಕೊಟ್ಟಿಗೆಹಾರದ ಕೂಡುರಸ್ತೆಗೆ ಒಬ್ಬ ಇನ್‌ಸ್ಪೆಕ್ಟರು, ಒಂದು ಟಾರ್ಚು, ಒಂದು ಜಾಕು. ಇಷ್ಟು ಕಳಿಸಿಕೊಡಲು ಬೆಂಗಳೂರಿನಿಂದ ಯಾವ ಆದೇಶ ಬರಬೇಕಾಗಿದೆ?